ಒಂದು ಮೊಳದಾಚೆಯ ಪೈಪು

ಹೊಂದಿಕೊಳ್ಳದ ಇಬ್ಬರನ್ನು ಕಂಡರೆ ಕನ್ನಡಿಗರು ‘ಎಣ್ಣೆ ಸೀಗೆಕಾಯಿ’ ಎಂದು ನಕ್ಕು ಸುಮ್ಮನಾಗುತ್ತಾರೆ. ಮಾತು ಚೆಂದವೇ, ಆದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಆ ಎರಡಕ್ಕೂ ಅನ್ಯಾಯವಾಗಿದೆ. ಎಣ್ಣೆಗೂ ಸೀಗೆಕಾಯಿಗೂ ಅಸಲಿಗೆ ಜಗಳವಿಲ್ಲ. ಸೀಗೆಯ ನೊರೆ ಎಣ್ಣೆಯ ಕೈ ಹಿಡಿದು ತಲೆಯಿಂದ ಇಳಿಸಿಕೊಂಡು, ಬಚ್ಚಲ ತೂಬಿನಲ್ಲಿ ಎರಡೂ ಜೊತೆಯಾಗಿಯೇ ಹೊರಟುಹೋಗುತ್ತವೆ. ನಿಜವಾದ ಹಗೆಗಳು ಬೇರೆ ಇವೆ. ಒಂದೇ ಬಣ್ಣದ ಡ್ರಮ್ಮುಗಳಲ್ಲಿ, ಒಂದೇ ಅಳತೆಯ ಪೈಪುಗಳಲ್ಲಿ, ಅಕ್ಕಪಕ್ಕದಲ್ಲಿ ವರ್ಷಗಟ್ಟಲೆ ತಣ್ಣಗೆ ಕೂತಿರುವ ಹಗೆಗಳು ಅವು. ಯಾರೋ ಒಬ್ಬರು ಅವಸರದಲ್ಲಿ ಒಂದು ಮೆದುಗೊಳವೆಯನ್ನು ಪಕ್ಕದ ಬಾಯಿಗೆ ಸಿಕ್ಕಿಸುವ ತನಕ ಅವುಗಳ ಹಗೆತನ ಯಾರಿಗೂ ಕಾಣುವುದಿಲ್ಲ.

2016ರ ಅಕ್ಟೋಬರ್ 21ರ ಬೆಳಿಗ್ಗೆ ಅಮೆರಿಕದ ಕನ್ಸಾಸ್ ರಾಜ್ಯದ ಆಚಿಸನ್ ಎಂಬ ಊರಿನಲ್ಲಿ ಆದದ್ದು ಇಷ್ಟೇ. ಆಗ ಮದ್ಯಸಾರ, ಗೋಧಿಯ ಪಿಷ್ಟ, ಪ್ರೋಟೀನು ತಯಾರಿಸುತ್ತಿದ್ದ ಎಂಜಿಪಿಐ ಎಂಬ ಕಾರ್ಖಾನೆ ಅಲ್ಲಿದೆ. ಸಲ್ಫ್ಯೂರಿಕ್ ಆಸಿಡ್ ಹೊತ್ತ ಟ್ಯಾಂಕರ್ ಬಂದು ನಿಂತಿತು. ಆಪರೇಟರ್ ಒಬ್ಬ ಚಾಲಕನನ್ನು ಕರೆದೊಯ್ದು, ಆಸಿಡ್ ಇಳಿಸುವ ಪೈಪಿನ ಬೀಗ ತೆಗೆದುಕೊಟ್ಟು ತನ್ನ ಕೆಲಸಕ್ಕೆ ಮರಳಿದ. ಆ ಪೈಪಿನಿಂದ ಹದಿನೆಂಟು ಇಂಚು ದೂರದಲ್ಲಿ, ಅಂದರೆ ಹೂವಾಡಗಿತ್ತಿಯ ಅಳತೆಯಲ್ಲಿ ಸರಿಯಾಗಿ ಒಂದು ಮೊಳದಾಚೆ, ಸೋಡಿಯಂ ಹೈಪೊಕ್ಲೋರೈಟಿನ ಪೈಪು ಇತ್ತು. ನೋಡಲು ಅದೂ ಹಾಗೇ ಇತ್ತು. ಯಾವುದು ಯಾವುದೆಂದು ಸಾರಿ ಹೇಳುವ ಬರಹ ಬಾಯಿಯ ಬಳಿ ಸ್ಪಷ್ಟವಾಗಿರಲಿಲ್ಲ. ಬೀಗ ಹಾಕಿರಬೇಕಾಗಿದ್ದ ಆ ಪೈಪೂ ಅಂದು ಬೀಗವಿಲ್ಲದೆ ನಿಂತಿತ್ತು. ಟ್ಯಾಂಕರಿನ ಮೆದುಗೊಳವೆ ಅಲ್ಲಿಗೆ ಸೇರಿತು.

ಸುಮಾರು ಹದಿನೈದು ಸಾವಿರ ಲೀಟರ್ ಆಸಿಡ್, ಇಪ್ಪತ್ತೆರಡು ಸಾವಿರ ಲೀಟರಿನಷ್ಟು ಹೈಪೊಕ್ಲೋರೈಟಿನ ಜೊತೆ ಸೇರಿಕೊಂಡಿತು. ಹಸಿರು ಹಳದಿ ಬಣ್ಣದ ಮೋಡವೊಂದು ಎದ್ದು ಊರ ಮೇಲೆ ಹೊರಟಿತು. ಸುಮಾರು ಹನ್ನೊಂದು ಸಾವಿರ ಮಂದಿಗೆ ಮನೆ ಬಿಡಿ ಅಥವಾ ಕದ ಮುಚ್ಚಿಕೊಂಡು ಒಳಗೇ ಇರಿ ಎಂಬ ಆದೇಶ ಹೋಯಿತು. 140ಕ್ಕೂ ಹೆಚ್ಚು ಜನ ಚಿಕಿತ್ಸೆಗಾಗಿ ಬಂದರು. ಯಾರೂ ಸಾಯಲಿಲ್ಲ ಎನ್ನುವುದು ಅದೃಷ್ಟ. ಅದರಲ್ಲಿ ಕಾರ್ಖಾನೆಯ ಜಾಣ್ಮೆ ಏನೂ ಇರಲಿಲ್ಲ. ಕಂಟ್ರೋಲ್ ರೂಮಿನೊಳಗೂ ಅನಿಲ ನುಗ್ಗಿ, ಅಲ್ಲಿದ್ದವರು ಎದ್ದು ಓಡಬೇಕಾಯಿತು. ತುರ್ತಿಗೆಂದು ಇಟ್ಟ ಉಸಿರಾಟದ ಮುಖವಾಡಗಳು ಕೈಗೆ ಸಿಗದ ಜಾಗದಲ್ಲಿದ್ದವು. ಆಸಿಡ್ ಹರಿಯುವುದನ್ನು ದೂರದಿಂದಲೇ ನಿಲ್ಲಿಸುವ ಏರ್ಪಾಡೂ ಇರಲಿಲ್ಲ.

ಅಷ್ಟು ಕ್ಲೋರಿನ್ ಬಂದದ್ದು ಎಲ್ಲಿಂದ? ಹೊಸದಾಗಿ ಎಲ್ಲಿಂದಲೂ ಬರಲಿಲ್ಲ, ಅದು ಅಲ್ಲೇ ಇತ್ತು. ಬಟ್ಟೆ ಬಿಳಿಮಾಡಲು, ನೀರು ಶುದ್ಧಿ ಮಾಡಲು ಬಳಸುವ ಹೈಪೊಕ್ಲೋರೈಟ್ ಎಂದರೆ ಕಾಸ್ಟಿಕ್ ಸೋಡಾದ ದ್ರಾವಣದೊಳಗೆ ಕಟ್ಟಿಹಾಕಿದ ಕ್ಲೋರಿನ್. ಕ್ಷಾರ ಇರುವ ತನಕ ಕಟ್ಟು ಗಟ್ಟಿ. ಆಮ್ಲ ಬಂದು ಕ್ಷಾರವನ್ನು ತಿಂದರೆ ಕಟ್ಟು ಬಿಚ್ಚುತ್ತದೆ, ಒಳಗಿದ್ದದ್ದು ಹೊರಗೆ ಬರುತ್ತದೆ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಅದು ಮೇಲೇರಿ ಚದುರಿಹೋಗದೆ ನೆಲ ಸವರುತ್ತ, ತಗ್ಗು ಹುಡುಕುತ್ತ ಸಾಗುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿಯ ಕಂದಕಗಳಲ್ಲಿ ಕೂತಿದ್ದ ಸೈನಿಕರ ಮೇಲೆ ಜರ್ಮನ್ ಸೇನೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಅಂದು ಸಾವಿರಾರು ಸಿಲಿಂಡರು ಹೊತ್ತು ತಂದು, ಗಾಳಿಯ ದಿಕ್ಕು ಕಾದು ಮಾಡಿದ ಕೆಲಸದ ಒಂದು ಪಾಲು ಆಚಿಸನ್ನಿನಲ್ಲಿ ಒಂದು ಮೊಳದ ತಪ್ಪಿನಿಂದ ಆಗಿಹೋಯಿತು.

ಇಂಥ ಸುದ್ದಿ ಓದಿದಾಗ ಮೊದಲು ಬಾಯಿಗೆ ಬರುವ ಮಾತು ‘ಡ್ರೈವರ್ ತಪ್ಪು’. ಎರಡನೆಯದು ‘ಆಪರೇಟರ್ ನಿಂತು ನೋಡಬೇಕಿತ್ತು’. ಎರಡೂ ನಿಜ. ಎರಡರಿಂದಲೂ ಮುಂದಿನ ಅಪಘಾತ ತಪ್ಪುವುದಿಲ್ಲ. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ದಶಕಗಟ್ಟಲೆ ದುಡಿದು, ಕೈಗಾರಿಕಾ ಸುರಕ್ಷತೆಯ ವಿಷಯದಲ್ಲಿ ಹಿರಿಯರೆನಿಸಿಕೊಂಡ ಟ್ರೆವರ್ ಕ್ಲೆಟ್ಜ್ ಇದನ್ನೇ ಹೇಳುತ್ತ ಬಂದರು: ಅಪಘಾತಕ್ಕೆ ಮನುಷ್ಯನ ತಪ್ಪೇ ಕಾರಣ ಎನ್ನುವುದು, ಮನುಷ್ಯ ಜಾರಿ ಬಿದ್ದದ್ದಕ್ಕೆ ಗುರುತ್ವಾಕರ್ಷಣೆ ಕಾರಣ ಎಂದಷ್ಟೇ ನಿಜ ಮತ್ತು ಅಷ್ಟೇ ನಿರುಪಯೋಗಿ. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ಆಚಿಸನ್ ಘಟನೆಯನ್ನು ತನಿಖೆ ಮಾಡಿದಾಗ ಅದರ ಕಣ್ಣು ಹೋದದ್ದು ಚಾಲಕನಿಗಿಂತ ಹೆಚ್ಚಾಗಿ ಆ ಒಂದು ಮೊಳದ ಮೇಲೆ, ಒಂದೇ ಥರದ ಬಾಯಿಗಳ ಮೇಲೆ, ಬೀಗವಿಲ್ಲದ ಪಕ್ಕದ ಪೈಪಿನ ಮೇಲೆ. ಮುಂದೆ ಕಾರ್ಖಾನೆಯೂ ಆಸಿಡ್ ತಂದ ಕಂಪನಿಯೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ತಲಾ ಹತ್ತು ಲಕ್ಷ ಡಾಲರ್ ದಂಡ ಕಟ್ಟಬೇಕಾಯಿತು.

ಇದೇ ತಪ್ಪು ಇಪ್ಪತ್ತೆಂಟು ವರ್ಷ ಮೊದಲು ಇಂಗ್ಲೆಂಡಿನಲ್ಲಿ ಆಗಿತ್ತು. 1988ರ ಜುಲೈ 6ರಂದು ಕಾರ್ನ್‌ವಾಲ್ ಪ್ರಾಂತದ ಕ್ಯಾಮೆಲ್‌ಫರ್ಡ್ ಬಳಿಯ ನೀರು ಶುದ್ಧೀಕರಣ ಘಟಕಕ್ಕೆ ಅಲ್ಯೂಮಿನಿಯಂ ಸಲ್ಫೇಟ್ ತಂದವನು ಬದಲಿ ಚಾಲಕ, ಜಾಗ ಅವನಿಗೆ ಹೊಸದು. ಘಟಕದಲ್ಲಿ ಯಾರೂ ಇರಲಿಲ್ಲ. ಕೈಲಿದ್ದ ಕೀಲಿ ತೆರೆಯಬಾರದ ಮುಚ್ಚಳವನ್ನೂ ತೆರೆಯಿತು. ಇಪ್ಪತ್ತು ಟನ್ ಸರಕು ದಾಸ್ತಾನು ತೊಟ್ಟಿಯ ಬದಲು, ಊರಿಗೆ ಹೋಗುವ ಶುದ್ಧ ನೀರಿನ ತೊಟ್ಟಿಗೆ ಬಿತ್ತು. ಸುಮಾರು ಇಪ್ಪತ್ತು ಸಾವಿರ ಜನರ ನಲ್ಲಿಗಳಲ್ಲಿ ಹುಳಿ ನೀರು ಬಂತು. ಅದು ಮನೆಯ ತಾಮ್ರದ ಕೊಳವೆಗಳನ್ನೂ ತಿನ್ನುತ್ತ ಬಂತು, ಕೆಲವರ ತಲೆಗೂದಲು ಹಸಿರಾಯಿತು. ನಡೆದದ್ದೇನು ಎಂದು ಜನರಿಗೆ ಅಧಿಕೃತವಾಗಿ ತಿಳಿಸಲು ನೀರಿನ ಪ್ರಾಧಿಕಾರ ಎರಡು ವಾರಕ್ಕೂ ಹೆಚ್ಚು ತೆಗೆದುಕೊಂಡಿತು. ಕೀಲಿ ಒಂದು, ಬೀಗ ಹಲವು. ಈ ಒಂದು ಉಳಿತಾಯಕ್ಕೆ ತೆತ್ತ ಬೆಲೆಯ ಲೆಕ್ಕ ಮುಗಿಯಲು ದಶಕಗಳೇ ಹಿಡಿದವು.

ಪೈಪಿನ ಜಾಗದಲ್ಲಿ ಡ್ರಮ್ಮು ಇಟ್ಟರೆ ಇಲಿನಾಯ್ ರಾಜ್ಯದ ವಾಕೀಗನ್ ಊರಿನ ಕತೆ. 2019ರ ಮೇ 3ರ ರಾತ್ರಿ ಅಲ್ಲಿನ ಸಿಲಿಕೋನ್ ಕಾರ್ಖಾನೆಯೊಂದರಲ್ಲಿ ಒಂದು ಮಿಶ್ರಣ ತಯಾರಾಗುತ್ತಿತ್ತು. ಅದಕ್ಕೆ ಸೇರಬಾರದ ರಾಸಾಯನಿಕವೊಂದು ಸೇರಿತು. ಎರಡನ್ನೂ ತುಂಬಿಟ್ಟಿದ್ದದ್ದು ಒಂದೇ ಥರದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ. ತೊಟ್ಟಿ ನೊರೆಯುಕ್ಕಿ, ಹೈಡ್ರೋಜನ್ ಹೊರಬಂದು, ಕಿಡಿ ತಾಗಿ ಕಟ್ಟಡವೇ ಸಿಡಿಯಿತು. ನಾಲ್ವರು ಸತ್ತರು.

ಪೈಪಾದರೂ ಡ್ರಮ್ಮಾದರೂ ‘ತಪ್ಪು ಸರಕು’ ಎನ್ನಲು ಒಂದು ವಸ್ತುವಾದರೂ ಇದೆ. ಕಸ ಗುಡಿಸುವುದರಲ್ಲಿ ಏನಿದೆ? ಫ್ರಾನ್ಸಿನ ತುಲೂಸ್ ನಗರಕ್ಕೆ ಇದರ ಉತ್ತರ ಗೊತ್ತು.

2001ರ ಸೆಪ್ಟೆಂಬರ್ 21ರ ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಅಲ್ಲಿನ ಎಝಡ್‌ಎಫ್ ರಸಗೊಬ್ಬರ ಕಾರ್ಖಾನೆಯ ಒಂದು ಶೆಡ್ಡು ನೆಲದಿಂದ ಎದ್ದು ಮಾಯವಾಯಿತು. ಅದರ ಜಾಗದಲ್ಲಿ ದೊಡ್ಡದೊಂದು ಹೊಂಡ ಉಳಿಯಿತು. 31 ಜನ ಸತ್ತರು, ಸುಮಾರು ಎರಡೂವರೆ ಸಾವಿರ ಜನ ಗಾಯಗೊಂಡರು. ನಗರದಲ್ಲಿ ಎಷ್ಟೋ ದೂರದ ತನಕ ಕಿಟಕಿಯ ಗಾಜುಗಳು ಪುಡಿಯಾದವು. ನ್ಯೂಯಾರ್ಕಿನ ಜೋಡಿ ಗೋಪುರ ಬಿದ್ದು ಹತ್ತೇ ದಿನವಾಗಿದ್ದರಿಂದ ಎಲ್ಲರ ಮನಸ್ಸಿಗೂ ಮೊದಲು ಬಂದದ್ದು ಭಯೋತ್ಪಾದನೆ. ಶೆಡ್ಡಿನಲ್ಲಿದ್ದದ್ದು ಗುಣಮಟ್ಟಕ್ಕೆ ಬಾರದೆ ಬದಿಗೆ ಸರಿಸಿದ ಮುನ್ನೂರು ಟನ್ನಿನಷ್ಟು ಅಮೋನಿಯಂ ನೈಟ್ರೇಟ್. ಮಾರಾಟಕ್ಕೆ ಅಲ್ಲದ ಸರಕು ಎಂದ ಮೇಲೆ ಯಾರಿಗೂ ಅದರ ಮೇಲೆ ಅಷ್ಟು ನಿಗಾ ಇರುವುದಿಲ್ಲ. ಯಾವ ಊರಿನ ಗೋದಾಮಿಗೆ ಹೋದರೂ ಹಾಳಾದ ಸರಕಿನ ಮೂಲೆಯ ಗತಿ ಇದೇ.

ಅದೇ ಕಾರ್ಖಾನೆಯ ಇನ್ನೊಂದು ಭಾಗದಲ್ಲಿ ಈಜುಕೊಳಗಳಿಗೆ ಹಾಕುವ ಕ್ಲೋರಿನ್ ಸಂಯುಕ್ತ ತಯಾರಾಗುತ್ತಿತ್ತು. ಅದರ ಉಳಿಕೆ ಪುಡಿ ಕಸದ ಜೊತೆ ಸೇರಿ, ಸ್ಫೋಟಕ್ಕೆ ಸುಮಾರು ಇಪ್ಪತ್ತು ನಿಮಿಷ ಮೊದಲು ಆ ಶೆಡ್ಡಿಗೆ ಬಂದು ಬಿತ್ತು ಎನ್ನುವುದು ತನಿಖೆಯ ವಾದ. ತೇವ ಸಿಕ್ಕಿದಾಗ ಆ ಎರಡು ಸೇರಿ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಮಹಾ ಮುಂಗೋಪಿ ವಸ್ತು ಹುಟ್ಟುತ್ತದೆ, ಅದು ಸಿಡಿದರೆ ಪಕ್ಕದ ರಾಶಿಯೂ ಸಿಡಿಯುತ್ತದೆ. ಕಂಪನಿ ಇದನ್ನು ಕೊನೆಯ ತನಕ ಒಪ್ಪಲಿಲ್ಲ. ಮೊದಲ ನ್ಯಾಯಾಲಯ ಪುರಾವೆ ಸಾಲದು ಎಂದು ಬಿಟ್ಟುಬಿಟ್ಟಿತು, ಮೇಲ್ಮನವಿಗಳು ಹತ್ತಿ ಇಳಿದವು. 2017ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಕಂಪನಿಯನ್ನೂ ಅಂದಿನ ಕಾರ್ಖಾನೆ ನಿರ್ದೇಶಕರನ್ನೂ ತಪ್ಪಿತಸ್ಥರೆಂದಿತು, 2019ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಹದಿನೆಂಟು ವರ್ಷ.

ತುಲೂಸಿನಲ್ಲಿ ಗಮನಿಸಬೇಕಾದದ್ದು ರಸಾಯನಶಾಸ್ತ್ರಕ್ಕಿಂತ ಗುತ್ತಿಗೆಯನ್ನು. ಕಸ ಸಾಗಿಸುವುದು, ಶೆಡ್ಡು ನೋಡಿಕೊಳ್ಳುವುದು, ಇಂಥ ಕೆಲಸಗಳು ಹೊರಗಿನ ಗುತ್ತಿಗೆ ಸಂಸ್ಥೆಗಳ ಕೈಯಲ್ಲಿದ್ದವು. ಒಬ್ಬ ಗುತ್ತಿಗೆದಾರನ ಕೆಲಸದವನಿಗೆ ಉತ್ತರದ ಕಟ್ಟಡದ ವಿಷಯ ಗೊತ್ತು, ಇನ್ನೊಬ್ಬನ ಕೆಲಸದವನಿಗೆ ದಕ್ಷಿಣದ್ದು. ಕ್ಲೋರಿನ್ ಪುಡಿಯೂ ನೈಟ್ರೇಟೂ ಒಂದೇ ಸೂರಿನಡಿ ಬರಬಾರದು ಎಂದು ತಿಳಿದಿರುವ ತಲೆ ಆ ಕಸದ ಗಾಡಿಯ ದಾರಿಯಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಕಾರ್ಖಾನೆಗಳಲ್ಲೂ ಅಪಾಯದ ಕೆಲಸ ಗುತ್ತಿಗೆಯವರದ್ದು, ಅಪಾಯದ ತಿಳಿವಳಿಕೆ ಕಾಯಂ ನೌಕರರದ್ದು. ರಸಾಯನ ಬೆರೆಯುವ ಮೊದಲು ಬೆರೆಯಬೇಕಾದದ್ದು ಇವೆರಡು. ಅದಕ್ಕೆ ಯಾವ ಆಡಳಿತ ಮಂಡಳಿಯೂ ಅವಸರ ತೋರಿಸಿದ್ದು ಕಂಡಿಲ್ಲ.

ಇನ್ನು ನೀರು. ನೀರಿಗೂ ಹಗೆಗಳಿರುತ್ತವೆ ಎಂದರೆ ಯಾರೂ ನಂಬುವುದಿಲ್ಲ. ಬೆಂಕಿ ಆರಿಸಲು, ತೊಳೆಯಲು, ಬಿಸಿ ತಗ್ಗಿಸಲು ಕಾರ್ಖಾನೆಯಲ್ಲಿ ಎಲ್ಲದಕ್ಕೂ ನೀರು. 1995ರ ಏಪ್ರಿಲ್ 21ರಂದು ನ್ಯೂಜೆರ್ಸಿಯ ಲೋಡಿ ಊರಿನ ನ್ಯಾಪ್ ಟೆಕ್ನಾಲಜೀಸ್ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಪುಡಿ, ಸೋಡಿಯಂ ಹೈಡ್ರೋಸಲ್ಫೈಟ್ ಮುಂತಾದವನ್ನು ಬೆರೆಸುತ್ತಿದ್ದ ಯಂತ್ರದೊಳಗೆ ಒಂದಿಷ್ಟು ನೀರು ಸೇರಿಕೊಂಡಿತು. ಪುಡಿ ಒಳಗೊಳಗೇ ಬಿಸಿಯಾಗುತ್ತ ಬಂತು. ಯಂತ್ರ ಖಾಲಿಮಾಡಿ ಕಾಪಾಡೋಣ ಎಂದು ಹತ್ತಿರ ಹೋದ ಕಾರ್ಮಿಕರಲ್ಲಿ ಐವರು ಸ್ಫೋಟಕ್ಕೆ ಬಲಿಯಾದರು. ಆ ಪುಡಿಗಳಲ್ಲಿ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ, ಒಣಗಿದ ಜಾಗದಲ್ಲಿ ಇಟ್ಟರೆ ಏನೂ ಆಗುವುದಿಲ್ಲ.

ಭೋಪಾಲದ ವಿಷಯ ಬೇರೆ ಹೇಳಬೇಕೆ. 1984ರ ಡಿಸೆಂಬರ್ 2ರ ರಾತ್ರಿ 610 ಎಂಬ ಸಂಖ್ಯೆಯ ತೊಟ್ಟಿಯಲ್ಲಿ ಸುಮಾರು ನಲವತ್ತು ಟನ್ ಮೀಥೈಲ್ ಐಸೊಸಯನೇಟ್ ಇತ್ತು. ಅದರೊಳಗೆ ನೀರು ಹೋಯಿತು. ಇಷ್ಟು ಮಾತ್ರ ಎಲ್ಲರೂ ಒಪ್ಪುವ ಸಂಗತಿ. ಪೈಪು ತೊಳೆಯುವಾಗ ನಡುವೆ ಹಾಕಬೇಕಾದ ತಡೆತಟ್ಟೆಯನ್ನು ಹಾಕದೇ ಇದ್ದದ್ದರಿಂದ ಹೋಯಿತು ಎಂದು ಕಾರ್ಮಿಕರು ಹೇಳಿದರು. ಯಾರೋ ಬೇಕೆಂದೇ ಬಿಟ್ಟರು ಎಂದು ಯೂನಿಯನ್ ಕಾರ್ಬೈಡ್ ವಾದಿಸಿತು. ಆ ಜಗಳ ನಲವತ್ತು ವರ್ಷದಿಂದ ನಡೆದಿದೆ, ಆದರೆ ಯಾರ ವಾದ ಗೆದ್ದರೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಒಬ್ಬ ಮನುಷ್ಯನ ಮರೆವಾಗಲಿ ಒಬ್ಬ ಮನುಷ್ಯನ ದ್ವೇಷವಾಗಲಿ ಒಂದು ನಗರವನ್ನು ಕೊಲ್ಲಲು ಸಾಕಾಗುವಂತೆ ಆ ತೊಟ್ಟಿಯನ್ನು ಇಟ್ಟವರು ಯಾರು? ತಂಪು ಕಾಯುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಹೊರಹೋಗುವ ಅನಿಲವನ್ನು ತೊಳೆಯುವ ಘಟಕ ಕಾದು ಕುಳಿತಿತ್ತೇ ಹೊರತು ಓಡುತ್ತಿರಲಿಲ್ಲ. ಸುಟ್ಟುಹಾಕುವ ಗೋಪುರಕ್ಕೆ ಹೋಗುವ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ಇನ್ನೂ ಮೂಲದ ಮಾತೆಂದರೆ, ಮೀಥೈಲ್ ಐಸೊಸಯನೇಟ್ ಮಾರುವ ಸರಕೇ ಅಲ್ಲ. ಕೀಟನಾಶಕ ತಯಾರಿಯ ನಡುದಾರಿಯಲ್ಲಿ ಹುಟ್ಟಿ ಖರ್ಚಾಗುವ ವಸ್ತು ಅದು. ಅದನ್ನು ಟನ್ನುಗಟ್ಟಲೆ ಕೂಡಿಡುವ ಅಗತ್ಯವೇ ಇರಲಿಲ್ಲ. ಇಲ್ಲದ ವಸ್ತು ಸೋರುವುದಿಲ್ಲ ಎಂಬ ಅರ್ಥದ ಲೇಖನವನ್ನು ಕ್ಲೆಟ್ಜ್ ಬರೆದದ್ದು 1978ರಲ್ಲಿ, ಭೋಪಾಲಕ್ಕಿಂತ ಆರು ವರ್ಷ ಮೊದಲು.

ಇಲ್ಲಿಗೆ ಕಾನೂನಿನ ಮಾತು. ಅಪಾಯಕಾರಿ ರಾಸಾಯನಿಕಗಳ ಕಾನೂನುಗಳು ಬಹುಪಾಲು ಪಟ್ಟಿಗಳು. ಇಂಥ ವಸ್ತು, ಇಷ್ಟು ಟನ್ ಮೀರಿದರೆ, ಇಂಥ ನಿಯಮ. ಭೋಪಾಲದ ನಂತರ ಭಾರತದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂತು, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದಿನ ನಿಯಮಗಳು ಬಂದವು. ಅವುಗಳ ಜೊತೆ ನೂರಾರು ಹೆಸರುಗಳ ಅನುಸೂಚಿಯೂ ಬಂತು. ಅಗತ್ಯವಾದ ಕೆಲಸವೇ. ಆದರೆ ಪಟ್ಟಿ ವಸ್ತುವಿನ ಹೆಸರು ಹೇಳುತ್ತದೆ, ಅಪಾಯ ಇರುವುದು ಜೋಡಿಯಲ್ಲಿ. ಮದುವೆ ದಲ್ಲಾಳಿ ಹುಡುಗನ ಜಾತಕ ಮಾತ್ರ ನೋಡಿ, ಹುಡುಗಿಯದನ್ನು ಕೇಳದೆ ಲಗ್ನ ನಿಶ್ಚಯಿಸಿದ ಹಾಗಾಯಿತು ಇದು. ಆಚಿಸನ್ನಿನ ಹೈಪೊಕ್ಲೋರೈಟ್ ತನ್ನಷ್ಟಕ್ಕೆ ಊರು ಖಾಲಿ ಮಾಡಿಸುವ ವಸ್ತುವಲ್ಲ. ಲೋಡಿಯಲ್ಲಿ ಕೊಂದ ನೀರು ಯಾವ ದೇಶದ ಯಾವ ಅನುಸೂಚಿಯಲ್ಲೂ ಇಲ್ಲ.

ಇದು ಊಹೆಯ ಮಾತಲ್ಲ. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 1980ರಿಂದ 2001ರ ಮಧ್ಯದ ತನಕ ಆ ದೇಶದಲ್ಲಿ ರಾಸಾಯನಿಕ ಪ್ರತಿಕ್ರಿಯೆಗಳಿಂದಾದ 167 ಗಂಭೀರ ಅಪಘಾತಗಳನ್ನು ಅದು ಲೆಕ್ಕ ಹಾಕಿತ್ತು. ಅವುಗಳಲ್ಲಿ 48 ಅಪಘಾತಗಳಲ್ಲಿ 108 ಜನ ಸತ್ತಿದ್ದರು. ಅರ್ಧಕ್ಕೂ ಹೆಚ್ಚು ಪ್ರಕರಣಗಳಲ್ಲಿದ್ದ ರಾಸಾಯನಿಕಗಳು ಸರ್ಕಾರದ ಸುರಕ್ಷತಾ ಪಟ್ಟಿಗಳಲ್ಲೇ ಇರಲಿಲ್ಲ. ಸುಮಾರು ಮೂರನೇ ಒಂದು ಪಾಲು ಅಪಘಾತಗಳು ಆದದ್ದು ರಾಸಾಯನಿಕ ಕಾರ್ಖಾನೆಗಳಲ್ಲಿ ಅಲ್ಲ, ರಾಸಾಯನಿಕವನ್ನು ತಂದು ಬಳಸುವ ಬೇರೆ ಉದ್ಯಮಗಳಲ್ಲಿ, ಆಚಿಸನ್ನಿನ ಪಿಷ್ಟದ ಕಾರ್ಖಾನೆಯಂಥ ಕಡೆ. ಎಲ್ಲಕ್ಕಿಂತ ಕಹಿಯಾದ ಅಂಶ ಇನ್ನೊಂದಿತ್ತು. ಕಾರಣ ತಿಳಿದುಬಂದ ಅಪಘಾತಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು, ಯಾರು ಬೇಕಾದರೂ ತೆರೆದು ಓದಬಹುದಾದ ಪುಸ್ತಕಗಳಲ್ಲಿ ಮೊದಲೇ ಬರೆದಿಟ್ಟ ಅಪಾಯಗಳಿಂದಲೇ ಆಗಿದ್ದವು. ಬ್ರೆದರಿಕ್ ಎಂಬ ಬ್ರಿಟಿಷ್ ರಸಾಯನಜ್ಞ ಯಾವುದರ ಜೊತೆ ಯಾವುದು ಸೇರಿದರೆ ಏನಾದೀತು ಎಂಬುದರ ದಪ್ಪ ಕೈಪಿಡಿಯನ್ನು 1975ರಲ್ಲೇ ಹೊರತಂದಿದ್ದರು. ಈಗ ಆ ಬಗೆಯ ಮಾಹಿತಿಯನ್ನು ಕೊಡುವ ಸಾಫ್ಟ್‌ವೇರನ್ನು ಅಮೆರಿಕ ಸರ್ಕಾರದ ಸಂಸ್ಥೆಯೇ ಪುಕ್ಕಟೆಯಾಗಿ ಹಂಚುತ್ತದೆ. ಎರಡು ಹೆಸರು ಕೊಟ್ಟರೆ ಸಾಕು, ಸೇರಿಸಬಹುದೋ ಬಾರದೋ ಎಂದು ಹೇಳಿಬಿಡುತ್ತದೆ. ಅಲ್ಲಿ ಕೊರತೆಯಿದ್ದದ್ದು ವಿಜ್ಞಾನಕ್ಕಲ್ಲ, ಕೇಳುವವರಿಗೆ.

ಪಟ್ಟಿಯನ್ನು ಬದಲಿಸಿ ಎಂದು ಬೋರ್ಡ್ ಶಿಫಾರಸು ಮಾಡಿತು. ಇಪ್ಪತ್ತು ವರ್ಷ ಕಳೆದರೂ ಅಮೆರಿಕದ ಕೇಂದ್ರ ಕಾರ್ಮಿಕ ಸುರಕ್ಷತಾ ಇಲಾಖೆ ಅದನ್ನು ನಿಯಮವಾಗಿಸಲಿಲ್ಲ. ಐವರನ್ನು ಕಳೆದುಕೊಂಡ ಲೋಡಿ ಇರುವ ನ್ಯೂಜೆರ್ಸಿ ರಾಜ್ಯ ಮಾತ್ರ ಕಾಯಲಿಲ್ಲ. 2003ರಲ್ಲಿ ಅದು ತನ್ನ ನಿಯಮಗಳಿಗೆ ಪ್ರತಿಕ್ರಿಯೆಯ ಅಪಾಯವನ್ನು ಸೇರಿಸಿತು. ಬಿಡಿ ಹೆಸರುಗಳ ಜೊತೆಗೆ ರಾಸಾಯನಿಕಗಳ ಗುಣಗುಂಪುಗಳನ್ನೂ, ಅವುಗಳ ಮಿಶ್ರಣಗಳನ್ನೂ ಲೆಕ್ಕಕ್ಕೆ ತಂದಿತು. ಕೆಲಸ ಅಸಾಧ್ಯವೇನಲ್ಲ ಎನ್ನಲು ಇಷ್ಟು ಸಾಕು.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ಬೆಂಗಳೂರಿನ ಪೀಣ್ಯದ ಸುತ್ತ ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಸಣ್ಣಪುಟ್ಟ ಘಟಕಗಳು ಬಹಳ. ಆ ಕಸುಬಿನಲ್ಲಿ ಲೋಹದ ತುಕ್ಕು ತೆಗೆಯಲು ಆಸಿಡ್ ತೊಟ್ಟಿ ಬೇಕು. ಸತು, ತಾಮ್ರ, ಬೆಳ್ಳಿಯ ಲೇಪಕ್ಕೆ ಸಯನೈಡ್ ದ್ರಾವಣ ಬಳಸುವುದು ಹಳೆಯ ರೂಢಿ. ಆಸಿಡ್ಡೂ ಸಯನೈಡೂ ಸೇರಿದರೆ ಹೊರಬರುವುದು ಹೈಡ್ರೋಜನ್ ಸಯನೈಡ್, ಅದರ ಪರಿಚಯ ಯಾರಿಗೂ ಬೇಡ. ಇಕ್ಕಟ್ಟಾದ ಶೆಡ್ಡಿನಲ್ಲಿ ಎರಡು ತೊಟ್ಟಿಗಳ ನಡುವೆ ಎಷ್ಟು ಜಾಗ ಬಿಡಲಾದೀತು? ಎರಡರ ಕೊಳೆನೀರೂ ಒಂದೇ ಮೋರಿಗೆ ಹೋಗುವುದಿಲ್ಲ ಎಂದು ಯಾರು ನೋಡಿಕೊಳ್ಳುತ್ತಾರೆ? ಇದಕ್ಕೆ ಸರಿಯಾದ ಉತ್ತರ ಇನ್ನೊಂದು ಎಚ್ಚರಿಕೆ ಫಲಕವಲ್ಲ. ಸತುವಿನ ಲೇಪವನ್ನು ಸಯನೈಡ್ ಇಲ್ಲದೆಯೂ ಮಾಡುವ ವಿಧಾನಗಳು ಬಂದು ಎಷ್ಟೋ ಕಾಲವಾಯಿತು. ಜೋಡಿಯಲ್ಲಿ ಒಂದನ್ನು ಮನೆಯಿಂದಲೇ ಹೊರಗೆ ಹಾಕಿದರೆ ಜಗಳಕ್ಕೆ ಆಸ್ಪದವಿಲ್ಲ.

ಮೋರಿಯ ಮಾತು ಬಂದದ್ದರಿಂದ ಸೂರತ್ತಿನದೊಂದು ಸಂಗತಿ. 2022ರ ಜನವರಿ 6ರ ಮುಂಜಾನೆ ಅಲ್ಲಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರೊಂದು ಕದ್ದುಮುಚ್ಚಿ ರಾಸಾಯನಿಕ ತ್ಯಾಜ್ಯವನ್ನು ನಾಲೆಗೆ ಬಿಡುತ್ತಿತ್ತು. ಎದ್ದ ವಿಷಾನಿಲ ಪಕ್ಕದ ಬಟ್ಟೆ ಗಿರಣಿಯೊಳಗೆ ನುಗ್ಗಿ ಆರು ಕಾರ್ಮಿಕರು ಸತ್ತರು. ಸತ್ತವರು ಆ ರಾಸಾಯನಿಕವನ್ನು ತರಿಸಿಕೊಂಡವರಲ್ಲ, ಮಾರಿದವರಲ್ಲ, ಅದರ ಹೆಸರು ಕೇಳಿದವರೂ ಅಲ್ಲ. ತೆರೆದ ನಾಲೆ ಎಂದರೆ ಊರಿನ ಎಲ್ಲ ಕಾರ್ಖಾನೆಗಳೂ ಸೇರಿ ಬಳಸುವ, ಯಾರ ಹೆಸರಿನಲ್ಲೂ ಇಲ್ಲದ ಮಿಶ್ರಣ ಪಾತ್ರೆ.

ತರಬೇತಿ ಕೊಟ್ಟರೆ ಸಾಲದೇ ಎಂದು ಮಾಲೀಕರು ಕೇಳುತ್ತಾರೆ. ತರಬೇತಿ ಬೇಕು. ಆದರೆ ನಾವು ತರಬೇತಿಯನ್ನು ಎಲ್ಲೆಲ್ಲಿ ನೆಚ್ಚುವುದಿಲ್ಲ ಎಂದು ಒಮ್ಮೆ ನೋಡಿ. ಮನೆಯ ಮೂರು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಲು ಬರುವುದಿಲ್ಲ, ಅರ್ಥ್ ಪಿನ್ನು ಉದ್ದ ಮತ್ತು ದಪ್ಪ. ಇದಕ್ಕಾಗಿ ಯಾವ ಗೃಹಿಣಿಯೂ ತರಗತಿಗೆ ಹೋಗಿಲ್ಲ. ಮೂಲೆಯ ವೆಲ್ಡಿಂಗ್ ಶಾಪಿನ ಹುಡುಗ ಅಸಿಟಿಲೀನ್ ಮೆದುಗೊಳವೆಯನ್ನು ಆಕ್ಸಿಜನ್ ಸಿಲಿಂಡರಿಗೆ ಹಾಕಲಾರ, ಏಕೆಂದರೆ ಒಂದರ ಮರೆ ಎಡಕ್ಕೆ ತಿರುಗುತ್ತದೆ, ಇನ್ನೊಂದರದು ಬಲಕ್ಕೆ. ಆಪರೇಷನ್ ಥಿಯೇಟರಿನಲ್ಲಿ ಆಕ್ಸಿಜನ್ ಬದಲು ನೈಟ್ರಸ್ ಆಕ್ಸೈಡ್ ಸಿಲಿಂಡರು ಕೂರದಂತೆ 1950ರ ದಶಕದಿಂದಲೇ ಪಿನ್ನುಗಳ ಜಾಗವನ್ನು ಬೇರೆಬೇರೆ ಮಾಡಿದ್ದಾರೆ. ಈ ಮೂರೂ ಕಡೆ ಜಾಣನೂ ಒಂದೇ, ನಿದ್ದೆಗಣ್ಣಿನವನೂ ಒಂದೇ. ಲೋಹದ ತುಂಡು ಇಬ್ಬರಿಗೂ ಸಮನಾಗಿ ‘ಆಗದು’ ಎನ್ನುತ್ತದೆ. ಆಚಿಸನ್ನಿನಲ್ಲಿ ಆಸಿಡ್ ಪೈಪಿಗೆ ಒಂದು ಅಳತೆಯ ಬಾಯಿ, ಹೈಪೊಕ್ಲೋರೈಟಿಗೆ ಇನ್ನೊಂದು ಅಳತೆಯದು ಇದ್ದಿದ್ದರೆ ಆ ಚಾಲಕ ಎರಡು ನಿಮಿಷ ಗೊಣಗಿ, ಸರಿಯಾದ ಪೈಪು ಹುಡುಕಿಕೊಳ್ಳುತ್ತಿದ್ದ. ಆ ಎರಡು ಬಾಯಿಗಳ ಬೆಲೆಯನ್ನು ಹತ್ತು ಲಕ್ಷ ಡಾಲರಿನ ಪಕ್ಕದಲ್ಲಿಟ್ಟು ನೋಡುವುದು ಮಾಲೀಕರಿಗೇ ಬಿಟ್ಟದ್ದು.

ಸಣ್ಣ ಕೈಗಾರಿಕೆಗಳ ಕಷ್ಟ ಬೇರೆ. ಹತ್ತು ಜನರ ಘಟಕಕ್ಕೆ ಸುರಕ್ಷತಾ ಅಧಿಕಾರಿಯಿಲ್ಲ. ಖಾಲಿಯಾದ ಡ್ರಮ್ಮು ಇನ್ನೊಂದು ಸರಕು ತುಂಬಲು ಒದಗುತ್ತದೆ, ಹಳೆಯ ಹೆಸರು ಮೈಮೇಲೆ ಹಾಗೇ ಇರುತ್ತದೆ. ಸರಕಿನ ಜೊತೆ ಬರುವ ಸುರಕ್ಷತಾ ಹಾಳೆ ಸಣ್ಣಕ್ಷರದ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಓದಬೇಕಾದವನು ಕನ್ನಡದವನೋ ಒಡಿಶಾದವನೋ ಬಿಹಾರದವನೋ ಆಗಿರುತ್ತಾನೆ. ಹೆದ್ದಾರಿಯಲ್ಲಿ ಹೋಗುವ ಟ್ಯಾಂಕರಿನ ಬೆನ್ನ ಮೇಲೆ ನಾಲ್ಕಂಕಿಯ ಸಂಖ್ಯೆಯೊಂದನ್ನು ಬರೆಯಬೇಕೆಂಬ ನಿಯಮ ನಮ್ಮಲ್ಲೂ ಇದೆ. ಸಲ್ಫ್ಯೂರಿಕ್ ಆಸಿಡ್ಡಿಗೆ 1830, ಹೈಪೊಕ್ಲೋರೈಟಿಗೆ 1791, ಕ್ಲೋರಿನ್ನಿಗೆ 1017. ಭಾಷೆ ಬಾರದಿದ್ದರೂ ಅಂಕಿ ಎಲ್ಲರಿಗೂ ಬರುತ್ತದೆ. ಟ್ಯಾಂಕರಿನ ಬೆನ್ನ ಮೇಲಿರುವ ಅದೇ ಅಂಕಿಯನ್ನು ಕಾರ್ಖಾನೆಯ ಪೈಪಿನ ಬಾಯಿಯ ಪಕ್ಕದಲ್ಲೂ ಅಂಗೈಯಗಲ ಬರೆದರೆ, ಚಾಲಕ ಎರಡನ್ನೂ ಹೊಂದಿಸಿ ನೋಡಬಹುದು. ಒಂದು ಡಬ್ಬಿ ಬಣ್ಣದ ಖರ್ಚು.

ಮನೆಯ ಮಾತನ್ನು ಬಿಡುವ ಹಾಗಿಲ್ಲ. ಆಚಿಸನ್ನಿನ ಜೋಡಿಯೇ ಚಿಕ್ಕ ಪ್ರಮಾಣದಲ್ಲಿ ನಮ್ಮ ಬಚ್ಚಲುಮನೆಗಳಲ್ಲಿದೆ: ಕಕ್ಕಸು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣ. ಒಂದರಿಂದ ಕಲೆ ಹೋಗಲಿಲ್ಲವೆಂದು ಅದರ ಮೇಲೇ ಇನ್ನೊಂದನ್ನು ಸುರಿಯುವುದು ಸಹಜವಾದ ಯೋಚನೆ. 2019ರ ನವೆಂಬರಿನಲ್ಲಿ ಅಮೆರಿಕದ ಬರ್ಲಿಂಗ್ಟನ್ ಊರಿನ ಹೋಟೆಲೊಂದರ ಅಡುಗೆಮನೆಯಲ್ಲಿ ಆಮ್ಲದ ಕ್ಲೀನರು ನೆಲದ ಮೇಲಿದ್ದಾಗ ಬ್ಲೀಚ್ ಇರುವ ಕ್ಲೀನರು ಬಿತ್ತು. ಅದನ್ನು ತಳ್ಳಿ ಸ್ವಚ್ಛ ಮಾಡಲು ಹೋದ ಮ್ಯಾನೇಜರ್ ಸತ್ತರು, ಹತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಬಚ್ಚಲು ತೊಳೆಯಲು ಬರುವ ಕೆಲಸದಾಕೆಗೆ ಎರಡು ಬಾಟಲಿಗಳನ್ನು ಒಟ್ಟಿಗೆ ಕೊಟ್ಟು ‘ಚೆನ್ನಾಗಿ ಉಜ್ಜಮ್ಮ’ ಎನ್ನುವ ಮನೆಯೊಡತಿ ಮತ್ತು ಪಕ್ಕದ ಬೀಗವನ್ನು ನೋಡದೆ ಹೋದ ಆಪರೇಟರ್, ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಹೊಸ ಕಾನೂನು ಬರುವ ತನಕ ಕಾಯಬೇಕಾಗಿಯೂ ಇಲ್ಲ. ಕಾರ್ಖಾನೆಯಲ್ಲಿರುವ ರಾಸಾಯನಿಕಗಳ ಹೆಸರನ್ನು ಒಂದು ಹಾಳೆಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಬರೆದು, ಸೇರಬಾರದ ಜೋಡಿಗಳ ಮನೆಗಳಿಗೆ ಕೆಂಪು ಬಳಿದರೆ ಒಂದು ಚೌಕಪಟ್ಟಿ ಸಿಗುತ್ತದೆ. ನೀರಿಗೂ ಅದರಲ್ಲಿ ಒಂದು ಸಾಲು ಇರಬೇಕು. ರಸಾಯನಶಾಸ್ತ್ರ ಓದಿದ ಒಬ್ಬರಿಗೆ ಅದು ಒಂದು ದಿನದ ಕೆಲಸ. ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಪರವಾನಗಿ ನವೀಕರಣಕ್ಕೆ ಬೇಡುವ ಕಾಗದಗಳ ಕಟ್ಟಿನಲ್ಲಿ ಇದೂ ಒಂದಾಗಲಿ. ಕಚೇರಿಯ ಕಡತದಲ್ಲಿ ಇಂಗ್ಲಿಷಿನಲ್ಲಿ ಇದ್ದರೆ ಸಾಲದು, ಟ್ಯಾಂಕರು ನಿಲ್ಲುವ ಜಾಗದ ಗೋಡೆಯ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ಇರಬೇಕು. ತಪಾಸಣೆಗೆ ಬರುವ ಅಧಿಕಾರಿ ಕಾಫಿಗೆ ಕೂರುವ ಮೊದಲು ಅದನ್ನು ನೋಡಲಿ, ಜೊತೆಗೊಂದು ಟೇಪು ತಂದು ಪೈಪಿನಿಂದ ಪೈಪಿಗೆ ಎಷ್ಟು ದೂರ ಎಂದು ಅಳೆದು ಬರೆದುಕೊಳ್ಳಲಿ.